ಕ್ಯಾರೆನ್ ಕಾರ್ಪೆಂಟರ್ ಡ್ರಮ್ ನುಡಿಸುತ್ತಿದ್ದರು

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಅಣ್ಣನ ಮಗಳು ಮೊಬೈಲನ್ನು ನನ್ನ ಮುಂದೆ ಹಿಡಿದು, "ಅತ್ತೆ, ನೀನು ಯಾವಾಗ್ಲೂ ಹಾಕ್ಕೊಂಡು ಕೇಳ್ತಿರ್ತೀಯಲ್ಲ, ಅವರು ಊಟ ಬಿಟ್ಟು ಸತ್ತುಹೋದ್ರಂತೆ, ಗೊತ್ತಿತ್ತಾ ನಿಂಗೆ?" ಎಂದು ಕೇಳಿದಳು. ಎರಡು ನಿಮಿಷದ ಒಂದು ಕನ್ನಡ ವಿಡಿಯೋ. ಅಣ್ಣ ರಿಚರ್ಡ್ ಜೊತೆ 'ಕಾರ್ಪೆಂಟರ್ಸ್' ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಅಮೆರಿಕದ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಮೊದಲು ಎಷ್ಟು ತೂಕವಿದ್ದರು, ಕೊನೆಗೆ ಎಷ್ಟಕ್ಕೆ ಇಳಿದರು, ತೋಳಿನ ಮೂಳೆ ಕಾಣುವ ಫೋಟೋಗಳು, ಅದರ ಮೇಲೆ ಅಳುವಂಥ ಪಿಟೀಲು. ಅವರ ಹಾಡು ಕೇಳಿಸಿದ್ದು ಹತ್ತು ಸೆಕೆಂಡು. ಅವರು ಡ್ರಮ್ ನುಡಿಸುತ್ತಿದ್ದರೆಂಬ ಮಾತು ಒಂದು ಸಲವೂ ಬರಲಿಲ್ಲ. ನನಗೆ ರಾತ್ರಿಯವರೆಗೂ ಸಿಟ್ಟು ಇಳಿಯಲಿಲ್ಲ.

ಅವರು ಹಾಡುಗಾರ್ತಿಯಾಗುವುದಕ್ಕೆ ಮೊದಲು ಡ್ರಮ್ಮರ್ ಆಗಿದ್ದರು, ಮತ್ತು ಕೊನೆಯವರೆಗೂ ತಮ್ಮನ್ನು ಹಾಡಲೂ ಬಲ್ಲ ಡ್ರಮ್ಮರ್ ಎಂದೇ ತಿಳಿದಿದ್ದರು. 1950ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹುಟ್ಟಿದ ಕ್ಯಾರೆನ್, 1963ರಲ್ಲಿ ಮನೆಯವರೊಂದಿಗೆ ಲಾಸ್ ಏಂಜಲೀಸ್ ಹತ್ತಿರದ ಡೌನಿ ಎಂಬ ಊರಿಗೆ ಬಂದರು. ಹೈಸ್ಕೂಲಿನಲ್ಲಿ ವ್ಯಾಯಾಮದ ತರಗತಿ ತಪ್ಪಿಸಿಕೊಳ್ಳಲೆಂದು ಬ್ಯಾಂಡಿಗೆ ಸೇರಿದಾಗ ಅವರ ಕೈಗೆ ಕೊಟ್ಟಿದ್ದು ಗ್ಲಾಕನ್‌ಸ್ಪೀಲ್, ಅಂದರೆ ಲೋಹದ ಪಟ್ಟಿಗಳ ಮೇಲೆ ಸುತ್ತಿಗೆಯಂಥ ಕಡ್ಡಿಯಿಂದ ಬಡಿದು ನುಡಿಸುವ ವಾದ್ಯ. ಅವರ ಕಣ್ಣು ಮಾತ್ರ ಪಕ್ಕದಲ್ಲಿ ನಡೆಯುತ್ತಿದ್ದ ಡ್ರಮ್ಮಿನ ಹುಡುಗರ ಮೇಲಿತ್ತು. ಮನೆಗೆ ಹೋಗಿ ಎತ್ತರದ ಸ್ಟೂಲುಗಳನ್ನು ಜೋಡಿಸಿ, ಚೈನೀಸ್ ಊಟದ ಕಡ್ಡಿಗಳಿಂದ ಅವುಗಳ ಮೇಲೆ ಬಾರಿಸಿ ಅಭ್ಯಾಸ ಮಾಡಿದರು. ಅಪ್ಪ ಅಮ್ಮ ಡ್ರಮ್ ಕೊಡಿಸಿದ್ದು ಆಮೇಲೆ. ಅವರು ಆರಾಧಿಸಿದ ವಾದಕರಲ್ಲಿ ಒಬ್ಬರು ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ತಂಡದ ಡ್ರಮ್ಮರ್ ಜೋ ಮೊರೆಲ್ಲೊ. ಐದೈದು ಎಣಿಕೆಯಲ್ಲಿ ಜಾಝ್ ನುಡಿಸಿ ಹೆಸರಾದವರು. ಐದರ ನಡೆ ಎಂದರೆ ಏನೆಂದು ಖಂಡ ಚಾಪು ನುಡಿಸಿದ ಯಾರಿಗಾದರೂ ಗೊತ್ತು. ನಾಲ್ಕಕ್ಕೆ ಒಗ್ಗಿದ ಕೈ ಅಲ್ಲಿ ಮುಗ್ಗರಿಸುತ್ತದೆ.

1966ರಲ್ಲಿ, ಹದಿನಾರನೆಯ ವಯಸ್ಸಿಗೆ, ಅಣ್ಣ ರಿಚರ್ಡ್ ಪಿಯಾನೊ ನುಡಿಸುವ ಮೂವರ ತಂಡದಲ್ಲಿ ಡ್ರಮ್ಮರ್ ಆಗಿ ಹಾಲಿವುಡ್ ಬೌಲ್‌ನ ಬ್ಯಾಂಡ್ ಸ್ಪರ್ಧೆಯನ್ನು ಗೆದ್ದರು. 1969ರಲ್ಲಿ ಎ ಅಂಡ್ ಎಂ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿಯ ಜೊತೆ ಒಪ್ಪಂದವಾದಾಗ ಅವರಿಗಿನ್ನೂ ಹತ್ತೊಂಬತ್ತು, ಆದ್ದರಿಂದ ಅಪ್ಪ ಅಮ್ಮನ ಸಹಿಯೂ ಬೇಕಾಯಿತು. ಆ ವರ್ಷದ ಮೊದಲ ಆಲ್ಬಮ್ಮಿನಲ್ಲಿ ಕೇಳಿಸುವ ಡ್ರಮ್ ಅವರದೇ. ಮರುವರ್ಷ 'ಕ್ಲೋಸ್ ಟು ಯೂ' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ನಿಂತಿತು, ಮತ್ತು ನನ್ನ ದೃಷ್ಟಿಯಲ್ಲಿ ಅವರ ಕೈಯಿಂದ ಕೋಲು ಜಾರತೊಡಗಿದ್ದು ಅಲ್ಲಿಂದಲೇ. ಅವರ ಎತ್ತರ 5 ಅಡಿ 4 ಅಂಗುಲ. ಡ್ರಮ್ಮುಗಳ ಹಿಂದೆ ಕೂತರೆ ಜನರಿಗೆ ಮುಖ ಕಾಣುವುದಿಲ್ಲ, ಮುಂದೆ ಬಂದು ಮೈಕ್ ಹಿಡಿದು ನಿಲ್ಲಲಿ ಎಂದು ಸುತ್ತಲಿನವರೆಲ್ಲ ಹೇಳಿದರು. ಮನಸ್ಸಿಲ್ಲದೆ ಒಪ್ಪಿದರು. ಅಂದಿನಿಂದ ಲೋಕ ಅವರ ಕೈಗಳನ್ನು ಬಿಟ್ಟು ಮೈಯನ್ನು ನೋಡತೊಡಗಿತು, ಮತ್ತು ನಿನ್ನೆಯ ವಿಡಿಯೋ ಮಾಡಿದ್ದೂ ಅದೇ ಕೆಲಸವನ್ನು.

ನನಗೆ ಇದು ಇಷ್ಟು ಚುಚ್ಚುವುದಕ್ಕೆ ಕಾರಣ ಹಳೆಯ ಗೆಳೆಯರಿಗೆ ಗೊತ್ತು. ಐದು ವರ್ಷ ಮೃದಂಗ ಕಲಿತವಳು ನಾನು. ಒಂದು ದಿನ ಮನೆಗೆ ಬಂದ ಹಿರಿಯರೊಬ್ಬರು, ಹೆಣ್ಣುಮಗಳು ಹಾಡಿದರೆ ಲಕ್ಷಣ, ತೊಡೆಯ ಮೇಲೆ ಮೃದಂಗ ಇಟ್ಟುಕೊಂಡು ಬಾರಿಸುವುದೇನು ಚೆಂದ ಎಂದರು. ಮುಂದಿನ ತಿಂಗಳು ನನ್ನನ್ನು ಹಾಡಿನ ಪಾಠಕ್ಕೆ ಸೇರಿಸಿದರು. ಮೃದಂಗ ಗವಸು ತೊಟ್ಟು ಮಂಚದ ಕೆಳಗೆ ಹೋಯಿತು. ನನ್ನ ದನಿ ಸಾಧಾರಣ, ಕೈ ಮಾತ್ರ ಚೆನ್ನಾಗಿತ್ತು. ಇದನ್ನು ಇಷ್ಟು ನೇರವಾಗಿ ಎಲ್ಲೂ ಬರೆದಿರಲಿಲ್ಲ.

ಕ್ಯಾರೆನ್ ದನಿ ಸಾಧಾರಣವಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಮಂದ್ರಕ್ಕೆ ಇಳಿದಷ್ಟೂ ಅದು ಹತ್ತಿರ ಬಂದು ಕೂತಂತಾಗುತ್ತದೆ. 'ಸೂಪರ್‌ಸ್ಟಾರ್' ಹಾಡನ್ನು ಕಾಗದದ ಕರವಸ್ತ್ರವೊಂದರ ಮೇಲೆ ಗೀಚಿದ್ದ ಸಾಲುಗಳನ್ನು ನೋಡಿಕೊಂಡು ಮೊದಲ ಸಲ ಹಾಡಿದ್ದೇ ರೆಕಾರ್ಡಿನಲ್ಲಿ ಉಳಿಯಿತೆಂದು ರಿಚರ್ಡ್ ಹೇಳಿದ್ದಾರೆ. ಹಿನ್ನೆಲೆಯಲ್ಲಿ ದೊಡ್ಡ ಗುಂಪೊಂದು ಹಾಡಿದಂತೆ ಕೇಳಿಸುವುದೂ ಅಣ್ಣತಂಗಿಯರಿಬ್ಬರ ದನಿಯೇ, ಮತ್ತೆ ಮತ್ತೆ ಒಂದರ ಮೇಲೊಂದು ಧ್ವನಿಮುದ್ರಿಸಿದ್ದು. ಹಾಗೆ ಕೂದಲೆಳೆಯೂ ಅತ್ತಿತ್ತ ಆಗದಂತೆ ತನ್ನ ದನಿಯ ಮೇಲೆ ತಾನೇ ದನಿ ಕೂರಿಸಬೇಕಾದರೆ ಲಯ ಮೈಯೊಳಗೆ ಇಳಿದಿರಬೇಕು. ಹಾಡಿನಲ್ಲೂ ನನಗೆ ಕೇಳಿಸುವುದು ಆ ಡ್ರಮ್ಮರೇ.

ಅವರ ಪ್ರಸಿದ್ಧ ಹಾಡುಗಳಲ್ಲಿ ಡ್ರಮ್ ನುಡಿಸಿದವರು ಸ್ಟುಡಿಯೋ ಡ್ರಮ್ಮರ್ ಹ್ಯಾಲ್ ಬ್ಲೇನ್ ಎಂದು ಯಾರಾದರೂ ಇಲ್ಲಿ ಬಂದು ಹೇಳಿಯೇ ಹೇಳುತ್ತೀರಿ. ಹಲವು ಹಾಡುಗಳ ಮಟ್ಟಿಗೆ ನಿಜ, 'ಕ್ಲೋಸ್ ಟು ಯೂ' ಬ್ಲೇನ್ ಅವರ ಕೈಯದೇ. ಆದರೆ 1973ರ 'ನೌ ಅಂಡ್ ದೆನ್' ಆಲ್ಬಮ್ಮಿನ ಬಹುಪಾಲು ಡ್ರಮ್ ಕ್ಯಾರೆನ್ ಅವರದು, ಒಮ್ಮೆ ಕೇಳಿ ಬನ್ನಿ. ಇನ್ನು ಕೆಲವರು, ಕಾಯಿಲೆಯ ಬಗ್ಗೆ ಹೇಳಿದರೆ ಹುಡುಗಿಯರಿಗೆ ಎಚ್ಚರಿಕೆಯಾಗುತ್ತದೆ ಎನ್ನುತ್ತಾರೆ. 1983ರ ಫೆಬ್ರವರಿ 4ರಂದು, ಮೂವತ್ತೆರಡನೆಯ ವಯಸ್ಸಿಗೆ ಅವರ ಹೃದಯ ನಿಂತ ಮೇಲೆಯೇ ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ, ಎಂಬ ಹೆಸರು ಅಮೆರಿಕದ ಮನೆಮನೆಗೆ ತಲುಪಿತು, ಅದರಿಂದ ಎಷ್ಟೋ ಮಂದಿ ವೈದ್ಯರ ಬಳಿ ಹೋಗಿರಲೂಬಹುದು. ಆದರೆ ಎಚ್ಚರಿಸುವ ಮನಸ್ಸಿದ್ದವರು ರೋಗದ ಲಕ್ಷಣ ಹೇಳುತ್ತಾರೆ, ಎಲ್ಲಿ ಸಹಾಯ ಸಿಗುತ್ತದೆಂದು ಹೇಳುತ್ತಾರೆ. ತೂಕದ ಅಂಕಿಗಳನ್ನೂ ಮೂಳೆಯ ಫೋಟೋಗಳನ್ನೂ ತೋರಿಸಿ ಪಿಟೀಲು ಹಾಕುವುದರಲ್ಲಿ ಯಾವ ಎಚ್ಚರಿಕೆಯೂ ನನಗೆ ಕಾಣಲಿಲ್ಲ; ಹದಿನಾಲ್ಕು ವರ್ಷದ ನಮ್ಮ ಹುಡುಗಿ ಅದನ್ನು ನೋಡಿ ಮೊದಲು ಕೇಳಿದ್ದು ಅವರ ತೂಕ ಎಷ್ಟು ಕಿಲೋ ಆಗುತ್ತದೆಂದು.

ಅದಕ್ಕೇ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು 1976ರಲ್ಲಿ ಎಬಿಸಿ ವಾಹಿನಿಯಲ್ಲಿ ಬಂದ ಅವರ ವಿಶೇಷ ಕಾರ್ಯಕ್ರಮದ ಡ್ರಮ್ ಭಾಗವನ್ನು ತೋರಿಸಿದೆ. ಕ್ಯಾರೆನ್ ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಹೋಗುತ್ತಾರೆ, ಬಾರಿಸುತ್ತಾರೆ, ಮುಖದ ತುಂಬ ನಗು. ಹುಡುಗಿ ಎರಡು ಸಲ ಮಾತಿಲ್ಲದೆ ನೋಡಿದಳು. ಮೂರನೆಯ ಸಲ ನಿಲ್ಲಿಸಿ, "ಎಡಗೈ ಕೋಲನ್ನ ಯಾಕೆ ಹಾಗೆ ಹಿಡ್ಕೊಂಡಿದಾರೆ, ಬಲಗೈ ಥರ ಇಲ್ವಲ್ಲ?" ಎಂದಳು. ಅಂಗೈ ಮೇಲಾಗಿ, ಹೆಬ್ಬೆರಳ ಸಂದಿನಲ್ಲಿ ಕೋಲು. ಕವಾಯತಿನ ಬ್ಯಾಂಡಿನಲ್ಲಿ ಡ್ರಮ್ಮನ್ನು ಹೆಗಲಿನಿಂದ ಇಳಿಬಿಟ್ಟುಕೊಂಡಾಗ ಅದು ಒಂದು ಕಡೆಗೆ ವಾಲುತ್ತದೆ, ಎಡಗೈ ಅಂಚಿನ ಮೇಲಿಂದ ಬಂದು ಬಡಿಯಬೇಕಾಗುತ್ತದೆ, ಆ ಹಿಡಿತ ಅಲ್ಲಿಂದ ಬಂದದ್ದು ಎಂದು ಹೇಳಿಕೊಟ್ಟೆ. ಅಡುಗೆಮನೆಯಿಂದ ಎರಡು ಸೌಟು ತಂದಳು.