ಸತ್ಯಾಂಶ: ಒಂದು ಲೋಟ ಖಾಲಿ ಜಾಗದಿಂದ ಸಮುದ್ರ ಕುದಿಯುತ್ತಾ?

"ಒಂದು ಲೋಟದಷ್ಟು ಖಾಲಿ ಜಾಗದಲ್ಲಿರುವ ಶಕ್ತಿಯಿಂದ ಎಲ್ಲ ಸಮುದ್ರಗಳನ್ನೂ ಕುದಿಸಬಹುದು. ವಿಜ್ಞಾನಿಗಳು ಇದನ್ನು ಮುಚ್ಚಿಟ್ಟಿದ್ದಾರೆ." ಈ ಫಾರ್ವರ್ಡ್ ಸುಳ್ಳು. ಆದರೆ ಪೂರ್ತಿ ಕಟ್ಟುಕತೆಯೂ ಅಲ್ಲ.

ಅತಿ ಸಣ್ಣ ಕಣಗಳ ವರ್ತನೆಯನ್ನು ವಿವರಿಸುವ ಕ್ವಾಂಟಮ್ ಸಿದ್ಧಾಂತದ ಒಂದು ಒರಟು ಲೆಕ್ಕ ನಿಜಕ್ಕೂ ಅಷ್ಟು ದೊಡ್ಡ ಸಂಖ್ಯೆ ಕೊಡುತ್ತದೆ. ಆದರೆ ಅದು ಅಳತೆಯಲ್ಲ, ಬರೀ ಲೆಕ್ಕ. 1998ರಲ್ಲಿ ದೂರದಲ್ಲಿ ಸಿಡಿದ ನಕ್ಷತ್ರಗಳಾದ ಸೂಪರ್‌ನೋವಾಗಳನ್ನು ನೋಡಿದಾಗ ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿರುವುದು ಕಂಡಿತು. ಅದಕ್ಕೆ ಐನ್‌ಸ್ಟೈನ್ 1917ರಲ್ಲಿ ತಂದ ವಿಶ್ವ ಸ್ಥಿರಾಂಕವೇ (ಖಾಲಿ ಜಾಗಕ್ಕೇ ಇರುವ ಶಕ್ತಿಯನ್ನು ಸೂಚಿಸುವ ಸಂಖ್ಯೆ) ಕಾರಣ ಎಂದುಕೊಂಡರೆ, ಒಂದು ಘನ ಕಿಲೋಮೀಟರ್ ಖಾಲಿ ಜಾಗದಲ್ಲಿ ಸಿಗುವುದು ಸುಮಾರು ಅರ್ಧ ಜೌಲ್. ನೂರು ಗ್ರಾಂ ವಸ್ತುವನ್ನು ಅರ್ಧ ಮೀಟರ್ ಎತ್ತಲು ಬೇಕಾದಷ್ಟು! ಲೆಕ್ಕಕ್ಕೂ ಇದಕ್ಕೂ ಇರುವ ಅಂತರ 1ರ ಮುಂದೆ ಸುಮಾರು 120 ಸೊನ್ನೆ.

ಹಾಗಾದರೆ ತಪ್ಪು ಎಲ್ಲಿದೆ? ತತ್ವಶಾಸ್ತ್ರಜ್ಞರಿಗೆ ಇದೇ ಇಷ್ಟದ ಜಾಗ. ಸಮೀಕರಣದಲ್ಲಿ ಬಂದದ್ದೆಲ್ಲ ನಿಜವಾಗಿ ಇರಲೇಬೇಕಾ? ಪಕ್ಕಪಕ್ಕದ ಎರಡು ಲೋಹದ ತಟ್ಟೆಗಳು ಒಂದನ್ನೊಂದು ಸೆಳೆಯುವ ಕ್ಯಾಸಿಮಿರ್ ಪರಿಣಾಮವನ್ನು ಖಾಲಿ ಜಾಗದ ಶಕ್ತಿ ನಿಜ ಎನ್ನಲು ಹಲವರು ಪುರಾವೆಯಾಗಿ ತೋರಿಸುತ್ತಾರೆ. ಆದರೆ ನಿರ್ವಾತದ, ಅಂದರೆ ಖಾಲಿ ಜಾಗದ, ಶಕ್ತಿಯನ್ನು ಎಳೆದು ತರದೆ, ತಟ್ಟೆಗಳಲ್ಲಿರುವ ವಿದ್ಯುದಾವೇಶಗಳಿಂದಲೇ ಅದನ್ನು ವಿವರಿಸಬಹುದು ಎಂದು ಭೌತವಿಜ್ಞಾನಿ ರಾಬರ್ಟ್ ಜಾಫಿ 2005ರಲ್ಲಿ ತೋರಿಸಿದರು. ನನಗೆ ಈ ವಾದ ಗಟ್ಟಿ ಅನ್ನಿಸುತ್ತದೆ. ಒಪ್ಪದವರೂ ಇದ್ದಾರೆ, ಬಿಡಿ.

ಇನ್ನು ಈ ಶಕ್ತಿಯಿಂದ ಪುಕ್ಕಟೆ ವಿದ್ಯುತ್ ತೆಗೆಯಬಹುದು ಎನ್ನುವ ಮಾತು. ನಿರ್ವಾತ ಎಂದರೇನೇ ಅತಿ ಕಡಿಮೆ ಶಕ್ತಿಯ ಸ್ಥಿತಿ. ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ, ಅಲ್ವಾ? ತಟ್ಟೆಗಳು ಹತ್ತಿರ ಬರುವಾಗ ಒಮ್ಮೆ ಸಿಗುವ ಶಕ್ತಿಯನ್ನು, ಅವನ್ನು ಮತ್ತೆ ದೂರ ಸರಿಸಲು ಪೂರ್ತಿ ವಾಪಸ್ ಕೊಡಬೇಕು.