ದಯವಿಟ್ಟು ಅದನ್ನ ಡೂಪ್ಲಿಕೇಟ್ ಅನ್ನಬೇಡಿ

ಇವತ್ತು ಮತ್ತೆ ಅದೇ ಮಾತು ಕೇಳಿಸಿಕೊಂಡು ಬಂದೆ. ಜರ್ಮನಿಯ ಉಂಟರುಲ್ಡಿಂಗನ್‌ನಲ್ಲಿ, ಸಾವಿರಾರು ವರ್ಷ ಹಿಂದಿನ ಕಂಬದ ಮನೆಗಳನ್ನು ಮತ್ತೆ ಕಟ್ಟಿ ತೋರಿಸುವ ಮ್ಯೂಸಿಯಂನಲ್ಲಿ, ನೀರಿನ ಮೇಲಿನ ಮರದ ಸೇತುವೆ ಮೇಲೆ ನಿಂತಿದ್ದೆವು. ಜೊತೆಗಿದ್ದ ಹಿರಿಯರೊಬ್ಬರು, “ಇದೆಲ್ಲಾ ಈಚೆಗೆ ಕಟ್ಟಿದ್ದಂತೆ ಕಣಮ್ಮ. ಡೂಪ್ಲಿಕೇಟ್ ನೋಡೋಕೆ ಇಷ್ಟು ದುಡ್ಡು ಕೊಟ್ವಾ?” ಅಂದರು. ಮನೆಗೆ ಬಂದ ಅತಿಥಿಗಳು, ನಾನು ಎದುರು ಮಾತಾಡಲಿಲ್ಲ. ಆದರೆ ಹೊಟ್ಟೆಯಲ್ಲಿ ಕುದಿಯುತ್ತಲೇ ಇದೆ.

ನಿಮಗೆಲ್ಲಾ ಗೊತ್ತಲ್ಲ, ಇಲ್ಲಿಗೆ ಯಾರು ಬಂದರೂ ನಾನು ಕರೆದುಕೊಂಡು ಹೋಗುವುದು ಬೋಡೆನ್‌ಜೇ ಸರೋವರದ ದಡದ ಆ ಮ್ಯೂಸಿಯಂಗೆ. ದೊಡ್ಡ ಅರಮನೆಗಳು ಆಮೇಲೆ. 1922ರಲ್ಲಿ ಎರಡೇ ಮನೆಯಿಂದ ಶುರುವಾದ ಜಾಗ ಅದು. ಈಗ ಕಂಬಗಳ ಮೇಲೆ 23 ಮನೆ ನಿಂತಿವೆ. ಶಿಲಾಯುಗ ಮತ್ತು ಕಂಚಿನ ಯುಗದ ಜನ ಹೇಗೆ ಬದುಕಿದ್ದರು ಅಂತ ಒಳಗೆ ಹೋಗಿ ನೋಡಬಹುದು.

ಒರಿಜಿನಲ್ ತೋರಿಸಿ ಅನ್ನುತ್ತಾರೆ. ಒರಿಜಿನಲ್ ಇರುವುದು ನೀರಿನಡಿ. 1853–54ರ ಚಳಿಗಾಲದಲ್ಲಿ ಜ್ಯೂರಿಕ್ ಸರೋವರದ ನೀರು ತುಂಬಾ ಇಳಿಯಿತು. ಓಬರ್‌ಮೈಲನ್ ಎಂಬಲ್ಲಿ ಕೆಸರಿನಿಂದ ಸಾಲು ಸಾಲು ಕಂಬಗಳ ಮೋಟು ಕಾಣಿಸಿದವು. ಇವು ಹಳೆಯ ಹಳ್ಳಿಯ ಕಂಬಗಳು ಅಂತ ಲೋಕಕ್ಕೆ ಹೇಳಿದವನು ಸ್ವಿಟ್ಜರ್ಲೆಂಡಿನ ಪುರಾತತ್ವಜ್ಞ ಫರ್ಡಿನಾಂಡ್ ಕೆಲ್ಲರ್. ಆಮೇಲೆ ಆಲ್ಪ್ಸ್ ಸುತ್ತಲಿನ ಎಷ್ಟೋ ಸರೋವರಗಳಲ್ಲಿ ಇಂಥವು ಸಿಕ್ಕವು. 2011ರಲ್ಲಿ ಆರು ದೇಶಗಳ 111 ಜಾಗಗಳನ್ನು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಇಷ್ಟು ಸಾವಿರ ವರ್ಷ ಮರ ಉಳಿದಿದ್ದು ಯಾಕೆ? ನೀರಿನಡಿಯ ಕೆಸರಿನಲ್ಲಿ ಗಾಳಿ ಆಡುವುದಿಲ್ಲ, ಅದಕ್ಕೇ ಕೊಳೆಯಲಿಲ್ಲ. ಮರವಷ್ಟೇ ಅಲ್ಲ, ಬಟ್ಟೆಯ ಚೂರು, ಮೀನಿನ ಬಲೆ, ಕಾಳು, ಒಣಗಿಸಿದ ಸೇಬಿನ ಹೋಳು ಕೂಡ ಸಿಕ್ಕಿವೆ. ಅದೇ ಮರವನ್ನು ಮೇಲೆತ್ತಿ ಸುಮ್ನೆ ಬಿಸಿಲಿಗಿಟ್ಟರೆ ಸೊರಗಿ, ಬಿರುಕು ಬಿಟ್ಟು ಹಾಳಾಗುತ್ತದೆ. ಅಲ್ಲದೆ ಕೆಳಗೆ ಉಳಿದಿರುವುದು ಬಹುಪಾಲು ಕಂಬದ ಬುಡ. ನೆಟ್ಟಗೆ ನಿಂತ ಗೋಡೆಯಿಲ್ಲ, ಸೂರಿಲ್ಲ. ಆ ಮನೆಯ ಎತ್ತರ ಎಷ್ಟಿತ್ತು, ಹೊಗೆ ಎಲ್ಲಿಂದ ಹೋಗುತ್ತಿತ್ತು ಅಂತ ತಿಳಿಯಬೇಕಾದರೆ ಒಂದು ಮನೆ ಕಟ್ಟಿ ನೋಡಲೇಬೇಕು ಅಲ್ವಾ?

ಹಾಗೆ ಕಟ್ಟಿದ್ದೇ ಹಾರ್ನ್‌ಸ್ಟಾಡ್ ಮನೆ. ಕ್ರಿ.ಪೂ. 3900ರ ಸುಮಾರಿನ ಹಳ್ಳಿಯೊಂದರ ಮನೆಯನ್ನು 1996ರಲ್ಲಿ ಮತ್ತೆ ಕಟ್ಟಿದ್ದಾರೆ. ಇವತ್ತು ಅದರ ಗೋಡೆ ಮುಟ್ಟಿದೆ. ಕಡ್ಡಿ ಹೆಣೆದು ಮೇಲೆ ಮಣ್ಣು ಮೆತ್ತಿದ ಗೋಡೆ. ಮಣ್ಣು ಬಿರಿದ ಕಡೆ ಒಳಗಿನ ಹೆಣಿಗೆ ಕಾಣುತ್ತದೆ. ಅಪ್ಪ ತುಂಬಾ ನೆನಪಾದರು. ಬಡಗಿ ಕೆಲಸದಲ್ಲೇ ನಮ್ಮನ್ನೆಲ್ಲ ಓದಿಸಿದವರು ಅವರು. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸುತ್ತಿದ್ದರು. ಇಲ್ಲಿಗೆ ಒಂದು ಸಲ ಕರೆತರಲು ಆಗಲೇ ಇಲ್ಲ. ಬಂದಿದ್ದರೆ ಕಂಬದ ಮೇಲಿನ ಕೊಡಲಿ ಪೆಟ್ಟು ನೋಡುತ್ತಾ ಅರ್ಧ ದಿನ ನಿಂತಿರುತ್ತಿದ್ದರು. ಹೊಸದೋ ಹಳೆಯದೋ ಅಂತ ಖಂಡಿತ ಕೇಳುತ್ತಿರಲಿಲ್ಲ.

ಕಂಬ ನೆಡುವುದನ್ನೇ ತೆಗೆದುಕೊಳ್ಳಿ. ಭಾರದ ಸುತ್ತಿಗೆಯಿಂದ ಹೊಡೆದು ಇಳಿಸಬೇಕು ಅಂತ ನಮಗೆ ಅನಿಸುತ್ತದೆ. ಆದರೆ ತಳದ ಮಣ್ಣು ಮೆತ್ತಗಿರುತ್ತದೆ. ಕಂಬಕ್ಕೆ ಅಡ್ಡ ಕೋಲು ಕಟ್ಟಿ, ನಾಲ್ಕು ಜನ ಹಿಡಿದು, ಆಚೀಚೆ ತಿರುಗಿಸುತ್ತಾ ಹೋದರೆ ತಾನಾಗಿ ಇಳಿಯುತ್ತದೆ. ಇದು ಪುಸ್ತಕ ಓದಿ ಹೊಳೆಯುವ ವಿಷಯ ಅಲ್ಲ, ಕೈಯಿಂದ ಮಾಡಿ ಕಲಿಯುವಂಥದ್ದು. ಇದನ್ನೆಲ್ಲ ಡೂಪ್ಲಿಕೇಟ್ ಅಂದರೆ ನನಗೆ ಸಿಟ್ಟು ಬರದೆ ಇನ್ನೇನು?

ಇನ್ನೊಂದು ಆಕ್ಷೇಪಣೆಯೂ ಇದೆ, ಇದು ಗಂಭೀರವಾದದ್ದು. ಮತ್ತೆ ಕಟ್ಟಿದ ಮನೆ ಸುಳ್ಳನ್ನೂ ಹೇಳಬಹುದು. ಆರಂಭದಿಂದಲೂ ಇಲ್ಲಿನ ಕೆಲಸದಲ್ಲಿದ್ದ ಪುರಾತತ್ವಜ್ಞ ಹಾನ್ಸ್ ರೈನರ್ಥ್ ನಾತ್ಸಿ ಪಕ್ಷ ಸೇರಿದ, ಆ ಪಕ್ಷದ ಸಿದ್ಧಾಂತಿ ರೋಸೆನ್‌ಬರ್ಗ್‌ನ ಕೈಕೆಳಗೆ ದೊಡ್ಡ ಹುದ್ದೆಗೇರಿದ. ಆ ಕಾಲದಲ್ಲಿ ಈ ಹಳ್ಳಿಯನ್ನು ಜರ್ಮನ್ನರ ಹಿರಿಮೆ ಸಾರಲು ಬಳಸಿಕೊಂಡರು. ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಮಾಡಿದ್ದು ಜನ, ಮರ ಮಣ್ಣು ಅಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಅಸಲಿ ಮಡಕೆಯ ಪಕ್ಕ ಸುಳ್ಳು ಬರೆದಿಡುವುದಕ್ಕೇನು ಕಷ್ಟ? ಇವತ್ತು ಮ್ಯೂಸಿಯಂ ಆ ಇತಿಹಾಸವನ್ನು ಮುಚ್ಚಿಡದೆ ಹೇಳುತ್ತದೆ. ನನಗೆ ಅಷ್ಟು ಸಾಕು.

ಹಳೆಯ ಊಹೆಗಳಂತೆ ಕಟ್ಟಿದ ಮನೆಗಳನ್ನೂ ಮ್ಯೂಸಿಯಂನವರು ಕಿತ್ತು ಬಿಸಾಕಿಲ್ಲ. ಇಡೀ ಊರೇ ನೀರಿನ ಮೇಲೆ ಒಂದು ದೊಡ್ಡ ಅಟ್ಟದ ಮೇಲಿತ್ತು ಅಂತ ಕೆಲ್ಲರ್ ನಂಬಿದ್ದ. ಇಲ್ಲ, ಮನೆಗಳಿದ್ದದ್ದು ಒಣ ದಡದಲ್ಲಿ ಅಂತ 1940ರ ದಶಕದಲ್ಲಿ ಓಸ್ಕರ್ ಪಾರೆಟ್ ಎಂಬ ಜರ್ಮನ್ ಪುರಾತತ್ವಜ್ಞ ವಾದಿಸಿದ. ಈಗಿನವರು ಜಾಗದಿಂದ ಜಾಗಕ್ಕೆ ಬೇರೆ ಬೇರೆ ಅನ್ನುತ್ತಾರೆ. ಬೇಸಿಗೆಯಲ್ಲಿ ಆಲ್ಪ್ಸ್ ಹಿಮ ಕರಗಿದಾಗ ಬೋಡೆನ್‌ಜೇ ನೀರು ಒಂದೂವರೆ ಮೀಟರ್ ಆಸುಪಾಸು ಏರುತ್ತದೆ. ದಡದಲ್ಲಿದ್ದವರೂ ನೆಲ ಎತ್ತರಿಸಲೇಬೇಕಿತ್ತು. ಹಳೆಯ ಊಹೆಯಂತೆ ಕಟ್ಟಿದ ಮನೆ, ಹೊಸ ತಿಳಿವಳಿಕೆಯಂತೆ ಕಟ್ಟಿದ ಮನೆ ಎರಡನ್ನೂ ಅಲ್ಲಿ ಒಂದೇ ದಿನ ನೋಡಬಹುದು. ನೂರು ವರ್ಷದಲ್ಲಿ ನಮ್ಮ ತಿಳಿವಳಿಕೆ ಹೇಗೆ ಬದಲಾಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಯಾವ ಒರಿಜಿನಲ್ ಇದನ್ನು ತೋರಿಸುತ್ತದೆ, ನೀವೇ ಹೇಳಿ.

ಅಸಲಿ ಹಳ್ಳಿ ಬಗ್ಗೆ ಅಷ್ಟು ಆಸೆಯಿದ್ದವರಿಗೆ ಇನ್ನೊಂದು ಮಾತು. ಮ್ಯೂಸಿಯಂನಿಂದ ಸ್ವಲ್ಪ ದೂರದಲ್ಲಿ, ಸ್ಟೋಲನ್‌ವೀಸನ್ ಎಂಬಲ್ಲಿ, ಕಂಚಿನ ಯುಗದ ನಿಜವಾದ ಹಳ್ಳಿ ನೀರಿನಡಿ ಇದೆ. ಅದೂ ಯುನೆಸ್ಕೋ ಪಟ್ಟಿಯಲ್ಲಿದೆ. ಅಲೆಗಳು ತಳವನ್ನು ಕೊರೆಯುತ್ತಿರುವುದೇ ಇಂಥ ಜಾಗಗಳಿಗೆ ದೊಡ್ಡ ಅಪಾಯ. ಹಾಗಾಗಿ ಈ ಸರೋವರದ ಕೆಲವು ಕಡೆ ಪುರಾತತ್ವದವರು ಹಳೆಯ ಕಂಬಗಳ ಮೇಲೆ ಬಟ್ಟೆಯಂಥ ಹಾಸು ಹಾಸಿ, ಜಲ್ಲಿ ಸುರಿದು ಮುಚ್ಚಿದ್ದಾರೆ. ಯಾರೂ ನೋಡದಿರಲಿ, ಆದರೆ ಉಳಿಯಲಿ ಅಂತ. ಅದನ್ನು ಹಾಗೆ ಮುಚ್ಚಿಡಬೇಕಾದರೆ ನಮಗೆ ನೋಡುವುದಕ್ಕೆ ಈ 23 ಮನೆ ಬೇಕೇ ಬೇಕು. ಮುಂದಿನ ಸಲ ಯಾರು ಬಂದರೂ ಟಿಕೆಟ್ ತೆಗೆಸುವ ಮೊದಲೇ ಇದನ್ನೆಲ್ಲ ಹೇಳಿಬಿಡುತ್ತೇನೆ.