ಬೀಗದ ಕೈ ಬಂದರೆ ಹೆಡ್‌ಮೇಡಂ ಆದ ಹಾಗಾ?

ನಾನಿರುವುದು ಇಂಗ್ಲೆಂಡಿನಲ್ಲಿ. ಮಗಳು ಓದುವ ಸರ್ಕಾರಿ ಶಾಲೆಯ ಆಡಳಿತ ಮಂಡಳಿಗೆ ಪೋಷಕರು ಓಟು ಹಾಕಿ ನನ್ನನ್ನು ಆರಿಸಿದ್ದಾರೆ. ಸಂಬಳ ಇಲ್ಲ, ಮೀಟಿಂಗ್ ಮಾತ್ರ ಜಾಸ್ತಿ. ಹೋದ ವರ್ಷ ಹೊಸ ಮುಖ್ಯ ಶಿಕ್ಷಕಿಯನ್ನು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ಜಾಹೀರಾತು, ಅರ್ಜಿ, ಆಮೇಲೆ ಎರಡು ದಿನದ ಸಂದರ್ಶನ. ಬಂದವರು ತರಗತಿಗಳಲ್ಲಿ ಕೂತು ಪಾಠ ಹೇಗಿತ್ತು ಅಂತ ನಮಗೆ ಹೇಳಬೇಕಿತ್ತು. ಮಕ್ಕಳದ್ದೇ ಒಂದು ಗುಂಪು ಅವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿತು.

ಊರಲ್ಲಿ ಅಕ್ಕ ಕಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ಮುಖ್ಯ ಶಿಕ್ಷಕಿ. ಇದನ್ನು ಕೇಳಿ ನಕ್ಕುಬಿಟ್ಟಳು. "ನಂಗೆ ಎರಡು ನಿಮಿಷ ಹಿಡೀತು ಕಣೋ. ಮೇಷ್ಟ್ರು ರಿಟೈರ್ ಆದ್ರು, ಬೀರು ಬೀಗದ ಕೈ ನನ್ನ ಕೈಗೆ ಬಂತು."

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ತರಗತಿಯನ್ನೂ ಅವಳೇ ನಡೆಸಬೇಕು. ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್‌ನಲ್ಲಿ ಮಕ್ಕಳ ಮಾಹಿತಿ ತುಂಬುವುದು, ಬಿಇಒ ಆಫೀಸಿನ ಸಭೆ. ಪಕ್ಕದ ಕೋಣೆಯಲ್ಲಿ ಪಾಠ ಹೇಗೆ ನಡೆಯುತ್ತಿದೆ ಅಂತ ನೋಡಲು ಪುರುಸೊತ್ತೆಲ್ಲಿ? ನೋಡಿದರೂ ಏನು ಮಾಡಿಯಾಳು? ಶಿಕ್ಷಕರು ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಜಾಗ ಆರಿಸಿಕೊಂಡು ಬರುತ್ತಾರೆ, ಹಾಗೇ ಹೋಗುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಕಾನೂನು ಹಣದ ಚೀಲವನ್ನೇ ಶಾಲೆಗಳ ಕೈಗೆ ಕೊಟ್ಟಿತು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಒಬ್ಬ ಸಹಾಯಕಿ ಬೇಕು ಅನ್ನಿಸಿದರೆ, ನಮ್ಮ ಹೆಡ್‌ಮೇಡಂ ಬೇರೆ ಖರ್ಚು ಕಡಿಮೆ ಮಾಡಿ ಇಟ್ಟುಕೊಳ್ಳಬಹುದು. ಅಕ್ಕನಲ್ಲಿ ಇಲ್ಲದ್ದು ಜಾಣತನವಲ್ಲ, ಈ ಅಧಿಕಾರ.

ಹಾಗಂತ ಇಲ್ಲಿನದೆಲ್ಲ ಚಿನ್ನವಲ್ಲ. ಶಾಲೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನವರು ಇಡೀ ಶಾಲೆಗೆ ಒಂದೇ ಪದದ ದರ್ಜೆ ಕೊಟ್ಟು ಹೋಗುತ್ತಿದ್ದರು. ಆ ಒಂದು ಪದಕ್ಕೆ ಹೆದರಿ ಮುಖ್ಯ ಶಿಕ್ಷಕರು ನಿದ್ದೆಗೆಟ್ಟರು. 2024ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಡಬೇಕಾಯಿತು. ಅಧಿಕಾರ ಕೊಡಿ, ಈ ಚಾಟಿಯನ್ನು ಮಾತ್ರ ತರಬೇಡಿ.

ಇನ್ನೊಂದು ವಿಷಯದಲ್ಲಿ ನಾವೇ ಮುಂದೆ. ಸ್ಥಳೀಯ ಕೌನ್ಸಿಲ್ ನಡೆಸುವ ಶಾಲೆಗಳ ಮಂಡಳಿಯಲ್ಲಿ ಇಲ್ಲಿನ ಕಾನೂನು ಕೇಳುವುದು ಕನಿಷ್ಠ ಇಬ್ಬರು ಪೋಷಕರನ್ನು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅನ್ನುತ್ತದೆ. ಅಷ್ಟು ಜನ ಕೂತ ಮೇಲೆ, ನಮ್ಮ ಶಾಲೆ ಯಾರು ನಡೆಸಬೇಕು, ಅವರಿಗೆ ಏನು ಬೇಕು ಅಂತ ಒಂದು ಮಾತು ಹೇಳುವ ಹಕ್ಕಾದರೂ ಬೇಡವಾ?

ಅಕ್ಕನ ಶಾಲೆಯ ಎಸ್‌ಡಿಎಂಸಿ ಹೋದ ತಿಂಗಳು ಸೇರಿತ್ತಂತೆ. ಎರಡು ಗಂಟೆ ಕಾಂಪೌಂಡ್ ಗೋಡೆಯ ಮಾತಾಡಿದರಂತೆ.